ಪುಟ್ಟಪ್ಪನ ಹೆಸರಿನ ಆಪರೇಷನ್

ಗಂಡನ ಹೃದಯಕ್ಕಿಂತ ಮೊದಲು ಕೈಕೊಟ್ಟದ್ದು ಅವನ ರೇಷನ್ ಕಾರ್ಡು. ಕುಮುದಾ ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಆ ಕಾರ್ಡಿಗೆ ಕುತ್ತು ತಂದದ್ದು ಅವಳದೇ ಕೈ.

ಹೊಸನಗರದ ತಾಲ್ಲೂಕು ಕಚೇರಿಯ ಎದುರು ನಾಗೇಂದ್ರ ಎಂಬವನ ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ. ಅಲ್ಲಿ ಕೂತು ಊರವರ ಅರ್ಜಿ ತುಂಬುವುದು ಕುಮುದಾಳ ಕೆಲಸ. ಗಂಡ ಯೋಗರಾಜ್ ಗೂಡ್ಸ್ ಆಟೋ ಕೊಳ್ಳಲು ಹೊರಟಾಗ ಫೈನಾನ್ಸ್‌ನವರು ಆದಾಯ ತೆರಿಗೆಯ ರಿಟರ್ನ್ ಕೇಳಿದ್ದರು. ಕಟ್ಟಬೇಕಾದ ತೆರಿಗೆ ಏನೂ ಇರಲಿಲ್ಲ, ಕಾಗದ ಮಾತ್ರ ಬೇಕಿತ್ತು. ಅವಳೇ ಟೈಪ್ ಮಾಡಿ ಸಲ್ಲಿಸಿದಳು. ಆಟೋ ಬಂತು. ಎಲ್ಲೋ ಒಂದು ಕಂಪ್ಯೂಟರು ಯೋಗರಾಜ್ ಬಡವನಲ್ಲ ಎಂದು ತೀರ್ಮಾನಿಸಿತು. ಬಿಪಿಎಲ್ ಹೋಯಿತು.

ಆಮೇಲೆ ಎದೆನೋವು ಬಂತು. ಆ ಸಲ ಬದುಕಿಕೊಂಡ. ಉಳಿದದ್ದು ಮಾತ್ರೆ. ರಕ್ತ ತೆಳ್ಳಗಾಗಲು ಒಂದು, ಒತ್ತಡಕ್ಕೆ ಒಂದು, ಕೊಬ್ಬಿಗೆ ಒಂದು, ಇವೆಲ್ಲ ಸೇರಿ ಉರಿಸುವ ಹೊಟ್ಟೆಗೆ ಇನ್ನೊಂದು. ತಿಂಗಳ ಕೊನೆಯಲ್ಲಿ ಯೋಗರಾಜ್ ಬ್ಲೇಡಿನಿಂದ ಮಾತ್ರೆಯನ್ನು ಅರ್ಧ ಮಾಡಿ ನುಂಗುವುದನ್ನು ಅವಳು ಕಂಡೂ ಕಾಣದ ಹಾಗೆ ಇದ್ದಳು. ಆಟೋ ಮಾರಿಯಾಯಿತು. ಶಿವಮೊಗ್ಗಕ್ಕೆ ತಪಾಸಣೆಗೆ ಹೋದ ದಿನ ಅವಳ ಕೂಲಿಯೂ ಇಲ್ಲ. ಕೊನೆಗೆ ಅಲ್ಲಿಯ ಡಾಕ್ಟರು ಮೂರು ನಾಳ ಕಟ್ಟಿವೆ, ಬೈಪಾಸ್ ಆಗಲೇಬೇಕು ಎಂದರು. ಅವಳ ಈಗಿನ ಕಾರ್ಡಿಗೆ ಸರ್ಕಾರ ಕೊಡುವುದು ಖರ್ಚಿನ ಒಂದು ಪಾಲು ಮಾತ್ರ. ಬಿಪಿಎಲ್ ಇದ್ದಿದ್ದರೆ ಪೂರ್ತಿ. ಎಷ್ಟು ಜನರಿಗೆ ಈ ವಿಷಯವನ್ನು ಅವಳೇ ವಿವರಿಸಿ ಹೇಳಿರಲಿಲ್ಲ! ಕಾರ್ಡ್ ಸರಿಮಾಡಿಸಲು ಅವಳು ಹಾಕಿದ ಅರ್ಜಿ ಪರಿಶೀಲನೆಯಲ್ಲಿತ್ತು. ಪರಿಶೀಲನೆಯಲ್ಲಿದೆ ಅಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅಂಥ ದಿನಗಳಲ್ಲೇ ಭಾವ ಪುಟ್ಟಪ್ಪ ಅಂಗಡಿಗೆ ಬಂದ. ಯೋಗರಾಜನ ಅಣ್ಣ. ಕವಲೇದುರ್ಗದ ಕೆಳಗಿನ ಹಳ್ಳಿಯಲ್ಲಿ ಮನೆ, ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ. ಕಲ್ಲು ಹಿಡಿದು ಹಿಡಿದು ಹೆಬ್ಬೆಟ್ಟಿನ ಗೆರೆ ಸವೆದುಹೋಗಿತ್ತು. ರೇಷನ್ ಅಂಗಡಿಯ ಯಂತ್ರ ಅವನನ್ನು ಗುರುತಿಸುತ್ತಿರಲಿಲ್ಲ.

"ಅಕ್ಕಿ ಕೊಡಲ್ಲ ಅಂತಾನೆ ಮಾರಾಯ್ತಿ. ನಾನು ನಾನೇ ಅಂತ ಹೆಂಗೆ ಹೇಳೋದು ಹೇಳು."

"ಮೊಬೈಲಿಗೆ ನಂಬರ್ ಬರೋ ಹಾಗೆ ಮಾಡ್ತೀನಿ ಭಾವ. ನಿಮ್ಮ ಫೋನ್ ಎಲ್ಲಿ?"

"ನೀರಿಗೆ ಬಿತ್ತು. ನಿಂದೇ ಹಾಕು. ಬಂದಾಗ ಹೇಳಿದ್ರೆ ಆತು."

ಅವಳು ತನ್ನ ನಂಬರ್ ಹಾಕಿದಳು. ಪರದೆಯ ಮೇಲೆ ಪುಟ್ಟಪ್ಪನ ಹಳೆಯ ಫೋಟೊ ಮೂಡಿತು. ಅಗಲ ಹಣೆ, ಕೆಳಗೆ ಬಾಗಿದ ಮೂಗು, ಹೊರಗೆ ಚಾಚಿದ ಕಿವಿ, ಎಲ್ಲವೂ ಯೋಗರಾಜನವೇ. ಮದುವೆಯ ಹೊಸದರಲ್ಲಿ ಅವಳೇ ಹಿಂದಿನಿಂದ ನೋಡಿ ಭಾವನನ್ನು ಗಂಡನೆಂದು ಕರೆದು ನಾಚಿದ್ದುಂಟು. ಅವಳ ಬೆರಳು ಕೀಲಿಮಣೆಯ ಮೇಲೆ ಸುಮ್ಮನೆ ನಿಂತಿತು. ಹೆಬ್ಬೆಟ್ಟು ಇಲ್ಲದ ಒಬ್ಬ ಮನುಷ್ಯ. ಅವನು ಅವನೇ ಎಂದು ಹೇಳಬೇಕಾದ ಫೋನು ಅವಳ ಕೈಯಲ್ಲಿದೆ.

ಆಸೆಯೆಂದು ಅವಳಿಗೆ ಅನ್ನಿಸಲಿಲ್ಲ. ಬಹಳ ದೂರ ನಡೆದವರಿಗೆ ಕೂರಲು ಒಂದು ಕಟ್ಟೆ ಸಿಕ್ಕ ಹಾಗೆ ಅನ್ನಿಸಿತು.

ಮುಂದಿನ ಭಾನುವಾರ ಭಾವನ ಮನೆಗೆ ಹೋದಳು. ಭಾವನ ಬಿಪಿಎಲ್ ಕಾರ್ಡಿನಲ್ಲಿ ಯೋಗರಾಜನ ಆಪರೇಷನ್ ಮಾಡಿಸುವ ಮಾತನ್ನೆಲ್ಲ ಕೇಳಿಸಿಕೊಂಡ ಓರಗಿತ್ತಿ ಕನ್ನಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಸಿಕ್ಕಿಬಿದ್ರೆ ನಮ್ ಕಾರ್ಡೂ ಹೋಗ್ತದೆ. ಅಕ್ಕಿ ಯಾರು ಕೊಡ್ತಾರೆ, ನಿಮ್ ನಾಗೇಂದ್ರನಾ?"

"ಸಿಕ್ಕಿಬೀಳಲ್ಲ ಅಕ್ಕ. ನಾನು ದಿನಾ ಮಾಡೋ ಕೆಲಸ ಇದು."

"ಸುಳ್ಳು ಹೇಳೋದಾ?"

ಪುಟ್ಟಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದವನು ನಡುವೆ ಬಾಯಿ ಹಾಕಿದ. "ಇರ್ಲಿ ಬಿಡೇ. ನನ್ ಹೆಸ್ರು ಇಟ್ಕಂಡು ನಾನೆಂತ ಮಾಡ್ತೀನಿ? ಕೋರೆಗೆ ಕರಿಯೋರು ಹೆಸ್ರು ಕೇಳ್ತಾರಾ? ತಮ್ಮ ಉಳೀತಾನೆ ಅಂದ್ರೆ ತಗಂಡ್ ಹೋಗ್ಲಿ."

ಕುಮುದಾ ಹೊರಡುವಾಗ ಕನ್ನಮ್ಮ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಕೈಗಿತ್ತಳು.

ಹೆಚ್ಚು ತೊಂದರೆ ಕೊಟ್ಟವನು ಯೋಗರಾಜ್. "ಸಾಯೋದಾದ್ರೆ ನನ್ ಹೆಸ್ರಲ್ಲೇ ಸಾಯ್ತೀನಿ ಬಿಡು" ಅಂದ. ಕುಮುದಾ ಜಗಳವಾಡಲಿಲ್ಲ. ಅರ್ಧ ಮಾಡಿದ ಮಾತ್ರೆಗಳ ಡಬ್ಬಿ ತಂದು ಅವನ ಮುಂದಿಟ್ಟಳು. "ಇದನ್ನ ನಾನು ಇನ್ನೂ ಎಷ್ಟು ವರ್ಷ ನೋಡ್ಲಿ?" ಅಂದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮರುದಿನದಿಂದ ಅವಳು ಅವನನ್ನು ಪುಟ್ಟಪ್ಪ ಎಂದೇ ಕರೆದಳು. ಊಟಕ್ಕೆ ಕರೆದರೂ ಹಾಗೇ, ಸ್ನಾನಕ್ಕೆ ಕರೆದರೂ ಹಾಗೇ. ಅವನು ತಿರುಗಿ ನೋಡದಿದ್ದರೆ ಸುಮ್ಮನೆ ನಿಂತು ಮತ್ತೊಮ್ಮೆ ಕರೆಯುತ್ತಿದ್ದಳು. ಬಾವಿಕಟ್ಟೆಯ ಕೆಂಪುಕಲ್ಲಿಗೆ ಹೆಬ್ಬೆರಳು ಉಜ್ಜಿಸಿದಳು. ಚರ್ಮ ದಡ್ಡುಗಟ್ಟಿ ಗೆರೆ ಮಾಸುವವರೆಗೂ ಬಿಡಲಿಲ್ಲ.

ಶಿವಮೊಗ್ಗದಲ್ಲಿ ಯೋಗರಾಜನ ಹೆಸರು ದಾಖಲಾಗಿತ್ತು. ಹಾಗಾಗಿ ಆಗುಂಬೆ ಇಳಿದು ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗುವುದು ಎಂದು ನಿಶ್ಚಯಿಸಿದಳು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಜನ ಮುತ್ತುವ ಸಂತೆಯ ದಿನ ನೋಡಿ ತೀರ್ಥಹಳ್ಳಿಯಲ್ಲಿ ಅದನ್ನು ಪಡೆದಳು. ಅಲ್ಲಿನ ಡಾಕ್ಟರು ಇಸಿಜಿ ನೋಡಿದರೇ ಹೊರತು ಮುಖ ನೋಡಲಿಲ್ಲ. ಹೊಸನಗರದ ನೆರೆಯವರಿಗೆ, ಗಂಡ ಹವಾ ಬದಲಾವಣೆಗೆಂದು ಸಾಗರದ ನನ್ನ ತವರಿಗೆ ಹೋಗಿದ್ದಾರೆ ಅಂದಳು. ತವರಿಗೆ, ಸೊಸೈಟಿಯಲ್ಲಿ ಸಾಲ ಸಿಕ್ಕಿತು, ಆಪರೇಷನ್ ಮಾಡಿಸುತ್ತೇವೆ ಅಂದಳು. ತಾನು ಕನ್ನಮ್ಮನಾದಳು. ಅದೇನೂ ಕಷ್ಟವಾಗಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹೆಂಡತಿಯ ಹೆಸರು ಯಾರಿಗೂ ಬೇಕಿರಲಿಲ್ಲ.

ಆಸ್ಪತ್ರೆಯ ಸರ್ಕಾರಿ ಆರೋಗ್ಯ ಯೋಜನೆಯ ಕೌಂಟರಿನಲ್ಲಿ ಯಂತ್ರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕೂತಿದ್ದ ಹುಡುಗಿ ಒರೆಸಿ ಒರೆಸಿ ಒತ್ತಿಸಿದಳು.

"ಕಲ್ಲು ಕೋರೆ ಕೈ ಮೇಡಂ. ರೇಷನ್ ಅಂಗಡೀಲೂ ಬರಲ್ಲ."

"ಹಾಗಾದ್ರೆ ಓಟಿಪಿ ಹೇಳಿ."

ಸೆರಗಿನ ಗಂಟಿನಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಕುಮುದಾ ಅಂಕಿಗಳನ್ನು ಬೇಕೆಂದೇ ತಡವರಿಸಿ ಓದಿದಳು, ಓದು ಬಾರದವಳ ಹಾಗೆ. ಇಷ್ಟು ಸಲೀಸಾಗಿ ಆಗುವುದಕ್ಕೆ ಇಷ್ಟು ವರ್ಷ ಬಳಲಬೇಕಾಯಿತೇ ಎಂದು ಅವಳಿಗೆ ಒಳಗೇ ಬೇಸರವಾಯಿತು.

ಹೃದಯದ ಡಾಕ್ಟರು ವಯಸ್ಸಾದವರು, ನಿಧಾನದ ಮಾತು. ಬೀಡಿ ಸೇದುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳುತ್ತ ಹೋದರು. "ಮನೇಲಿ ಬೇರೆ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ?"

"ಅಪ್ಪ ಗದ್ದೇಲಿ ಕುಸಿದು ಬಿದ್ದು ಹೋದ್ರು" ಅಂದ ಯೋಗರಾಜ್.

"ಅಣ್ಣ, ತಮ್ಮ?"

ಈ ಪ್ರಶ್ನೆಯನ್ನು ಅವಳು ಅಭ್ಯಾಸ ಮಾಡಿಸಿರಲಿಲ್ಲ. ಗಂಡ ಬಾಯಿ ತೆರೆಯುವ ಮೊದಲೇ ಉತ್ತರಿಸಿದಳು. "ಒಬ್ಬರಿದ್ದಾರೆ ಸಾರ್. ಗಟ್ಟಿ ಇದ್ದಾರೆ."

"ಅವರಿಗೂ ಒಂದ್ಸಲ ತೋರಿಸಿ" ಎಂದು ಡಾಕ್ಟರು ಮುಂದಿನ ಪ್ರಶ್ನೆಗೆ ಹೋದರು. ಹೊರಗೆ ಬಂದ ಮೇಲೆ ಅವಳು ಉಸಿರು ಬಿಟ್ಟಳು. ಅಣ್ಣನೋ ತಮ್ಮನೋ ಎಂದು ಹೆಸರು ಹೇಳುವ ಸಂದರ್ಭ ಬರಲಿಲ್ಲ ಎನ್ನುವುದಷ್ಟೇ ಅವಳ ತಲೆಯಲ್ಲಿತ್ತು.

ಆಪರೇಷನ್ನಿನ ಹಗಲು ಉದ್ದವಾಗಿತ್ತು. ಅವಳು ದೇವರನ್ನು ಬೇಡಲಿಲ್ಲ. ಯಾವ ಹೆಸರು ಹೇಳಿ ಬೇಡುವುದೆಂದು ತಿಳಿಯಲಿಲ್ಲ. ಅವಳನ್ನು ಐಸಿಯು ಒಳಗೆ ಬಿಟ್ಟಾಗ ನರ್ಸ್ ಅವನ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದಳು.

"ಹೆಸರು ಹೇಳಿ. ನಿಮ್ಮ ಹೆಸರೆಂತ?"

ತುಟಿ ಒಣಗಿತ್ತು. "ಯೋಗ... ಯೋಗರಾಜ."

ನರ್ಸ್ ಮಂಚಕ್ಕೆ ತೂಗುಹಾಕಿದ ಚೀಟಿ ನೋಡಿದಳು. ಕುಮುದಾ ಮುಂದೆ ಬಂದು ಗಂಡನ ಕೈ ಹಿಡಿದಳು. "ಅದು ಇವರ ತಮ್ಮ ಸಿಸ್ಟರ್. ಪ್ರಾಣ ಅವನ ಮೇಲೆ. ಅವನನ್ನೇ ಕರೀತಿದ್ದಾರೆ." ನರ್ಸಿನ ಕಣ್ಣು ಮೃದುವಾಯಿತು. "ಬರ್ತಾರೆ, ನಿಮ್ಮ ತಮ್ಮ ಬರ್ತಾರೆ" ಎಂದು ಅವನ ತಲೆ ಸವರಿದಳು. ಕುಮುದಾಳಿಗೆ ಅಳು ಬಂದದ್ದು ಆಗ. ಅದೊಂದು ನಾಟಕವಾಗಿರಲಿಲ್ಲ.

ಯೋಗರಾಜ್ ಉಳಿದ. ಮೊದಲು ಬಾವಿಯವರೆಗೆ, ಆಮೇಲೆ ರಸ್ತೆಯವರೆಗೆ, ಕೊನೆಗೆ ಹೊಸನಗರದ ಪೇಟೆಯವರೆಗೆ ನಡೆದ. ಸಂಜೆ ಅಂಗಿ ಕಳಚಿ ಕೂತಾಗ ಕುಮುದಾ ಅವನ ಎದೆಯ ಹೊಲಿಗೆಯ ಉದ್ದಕ್ಕೂ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಮಾತ್ರೆಗಳು ಇದ್ದೇ ಇದ್ದವು, ಆದರೆ ಈಗ ಇಡಿಯಾಗಿ ನುಂಗುತ್ತಿದ್ದ. ಘಟ್ಟದ ಕೆಳಗಿನಿಂದ ವಿಚಾರಿಸಲು ಫೋನು ಬಂದರೆ ಅವಳಿಗೇ ಬರುತ್ತಿತ್ತು. "ಪುಟ್ಟಪ್ಪನವರು ಹೇಗಿದ್ದಾರೆ?" "ಚೆನ್ನಾಗಿದ್ದಾರೆ ಮೇಡಂ, ನಡೀತಾರೆ." ಎರಡರಲ್ಲೂ ಸುಳ್ಳಿರಲಿಲ್ಲ. ನಿಜವಾದ ಪುಟ್ಟಪ್ಪನೂ ಚೆನ್ನಾಗಿದ್ದ, ದಿನಾ ಕೋರೆಗೆ ನಡೆಯುತ್ತಿದ್ದ.

ಯಾರಿಗೆ ಏನು ಅನ್ಯಾಯವಾಯಿತು ಎಂದು ಅವಳು ಒಮ್ಮೊಮ್ಮೆ ಯೋಚಿಸುತ್ತಿದ್ದಳು. ಯಾರ ಮನೆಯ ಅನ್ನವನ್ನೂ ಕಸಿದಿರಲಿಲ್ಲ. ತಮ್ಮದೇ ಆಗಿದ್ದ ಒಂದು ಹಕ್ಕನ್ನು ಬೇರೆ ಬಾಗಿಲಿನಿಂದ ಒಳಗೆ ತಂದುಕೊಂಡದ್ದಷ್ಟೇ. ಅಂಗಡಿಯಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಕಾರ್ಡಿನ ಬಗ್ಗೆ ಕೇಳುವವರು ಬಂದರೆ ಮಾತ್ರ ಅವರ ಮುಖ ನೋಡದೆ ಟೈಪ್ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಕನ್ನಮ್ಮ ಯಾರದೋ ಫೋನಿನಿಂದ ಕರೆದಳು. ಮಾತು ತುಂಡು ತುಂಡಾಗಿ ಬಂತು. "ಇವ್ರು ಕೋರೇಲಿ ಬಿದ್ರಂತೆ. ಎದೆ ಎದೆ ಅಂತಾರೆ. ಜೀಪ್ ಹುಡುಕ್ತಿದಾರೆ, ತೀರ್ಥಹಳ್ಳಿಗೆ ಕರ್ಕೊಂಡ್ ಹೋಗ್ಬೇಕಂತೆ. ನೀನು ಬಾರೆ ಕುಮುದಾ, ನಂಗೆ ಆಸ್ಪತ್ರೆ ಮಾತು ಬರಲ್ಲ."

ಹೋಗದೆ ಇರಬಹುದಿತ್ತು. ಬಸ್ಸಿನಲ್ಲಿ ಕೂತ ಮೇಲೂ ಅದನ್ನೇ ಯೋಚಿಸಿದಳು. ಸೆಖೆ ಇರಬೇಕು, ಬೆನ್ನು ಉಳುಕಿರಬೇಕು. ಆದರೆ ತೀರ್ಥಹಳ್ಳಿಯ ಆಸ್ಪತ್ರೆಯ ಬಾಗಿಲಲ್ಲಿ ಜೀಪು ನಿಂತು, ಕನ್ನಮ್ಮನ ಹಿಂದೆಯೇ ಇಬ್ಬರು ಪುಟ್ಟಪ್ಪನನ್ನು ಹೊತ್ತು ಇಳಿಸಿದಾಗ, ಬೆವರಿನಲ್ಲಿ ತೊಯ್ದ ಆ ಬೂದುಬಣ್ಣದ ಮುಖವನ್ನು ಅವಳು ಗುರುತು ಹಿಡಿದಳು. ಮೊದಲ ಸಲ ಎದೆನೋವು ಬಂದ ದಿನ ಯೋಗರಾಜನ ಮುಖ ಹೀಗೇ ಇತ್ತು.

ಹೊಸದಾಗಿ ಬಂದ ಯುವ ಡಾಕ್ಟರು ಕಂಪ್ಯೂಟರಿನಲ್ಲಿ ಕಾರ್ಡಿನ ಸಂಖ್ಯೆ ಒತ್ತಿದರು. "ಬೈಪಾಸ್ ಆಗಿದೆಯಲ್ಲ ಇವರಿಗೆ? ಆಪರೇಷನ್ ಆದ ಹಾರ್ಟ್ ಅಂದ್ರೆ ಚಿಕಿತ್ಸೆಯ ದಾರೀನೇ ಬೇರೆ. ಅಲ್ಲಿಯವರನ್ನ ಕೇಳ್ಕೊಂಡೇ ಮುಂದುವರೀಬೇಕು" ಎಂದು ಫೋನು ಕೈಗೆತ್ತಿಕೊಂಡರು.

ಕನ್ನಮ್ಮ ಕುಮುದಾಳ ಮುಖವನ್ನೇ ನೋಡುತ್ತಿದ್ದಳು. ಮಂಚದ ಮೇಲೆ ಪುಟ್ಟಪ್ಪ ಉಸಿರಿಗೆ ಒದ್ದಾಡುತ್ತಿದ್ದ. ಒಂದು ಮಾತು ಸಾಕಿತ್ತು. ಆ ಮಾತಿನ ಆಚೆ ಪೊಲೀಸರಿದ್ದರು, ಆಸ್ಪತ್ರೆ ವಾಪಸು ಕೇಳುವ ಹಣವಿತ್ತು, ಎರಡು ಮನೆಗಳು ಬೀದಿಪಾಲಾಗುವುದಿತ್ತು. ಇಲ್ಲಿಯವರು ಹೇಗೂ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಏನಾದರೂ ಮಾಡುತ್ತಾರೆ ಎಂದು ಅವಳ ಮನಸ್ಸು ಅವಸರದಲ್ಲಿ ಹೊಸದೊಂದು ಯೋಜನೆ ಹೆಣೆಯತೊಡಗಿತು. ಕಾಗದಗಳೆಲ್ಲ ಸರಿಯಾಗಿವೆ. ಹೆಸರು, ಸಂಖ್ಯೆ, ಫೋಟೊ ಎಲ್ಲವೂ ಹೊಂದುತ್ತವೆ.

"ಹೌದು ಸಾರ್" ಅಂದಳು. "ಬೈಪಾಸ್ ಆಗಿದೆ." ಕನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನರ್ಸ್ ಇಸಿಜಿಯ ತಂತಿಗಳನ್ನು ಬಿಡಿಸಿಕೊಂಡು ಬಂದು, ಪುಟ್ಟಪ್ಪನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬೆವರು ಒರೆಸಲು ಹತ್ತಿ ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಅವಳು ಡಾಕ್ಟರ ಕಡೆ ತಿರುಗಿದಳು. ಡಾಕ್ಟರು ಫೋನು ಕಿವಿಯಲ್ಲಿದ್ದಂತೆಯೇ ಎದ್ದು ಬಂದು ಬಗ್ಗಿ ನೋಡಿದರು. ಕಲ್ಲಿನ ಕೆಂಪು ಧೂಳು ಕೂತ ಆ ಅಗಲವಾದ ಎದೆಯ ಮೇಲೆ, ಕೊರಳಿನಿಂದ ಹೊಟ್ಟೆಯವರೆಗೆ, ಒಂದು ಗೀರೂ ಇರಲಿಲ್ಲ.