ಲೋಟದಲ್ಲಿದ್ದ ಹಲ್ಲು

ಗಾಜಿನ ಲೋಟದಲ್ಲಿ ನೀರಿತ್ತು. ಹಲ್ಲಿನ ಸೆಟ್ಟು ಇರಲಿಲ್ಲ.

ಬಚ್ಚಲು, ಕಸದ ಬುಟ್ಟಿ, ಮಂಚದಡಿ ಎಲ್ಲ ಜಾಲಾಡಿ ಸೋತ ಮಗ ಕೊನೆಗೆ ಅಪ್ಪ-ಅಮ್ಮನನ್ನು ನೋಡಿಕೊಳ್ಳುವ ಆಯಾಳ ಮೇಲೆ ಹರಿಹಾಯ್ದ. ನಾಳೆಯಿಂದ ಬರಬೇಡ ಎಂದ. ಆಕೆ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಾಗಲೇ ಅಮ್ಮನ ತಂಗಿ, ಚಿಕ್ಕಮ್ಮ, ಬಂದರು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಮೂಗು ತೂರಿಸುವ ಚಟದಿಂದ ನಿವೃತ್ತರಾಗದ ಹೆಂಗಸು.

"ಬಾಮ್ಮ, ಕೂತ್ಕೋ," ಎಂದರು ಹಲ್ಲು ಕಳೆದುಕೊಂಡ ಭಾವ, ಬಾಯಿಗೆ ಕೈ ಅಡ್ಡ ಹಿಡಿದು.

ನಾದಿನಿ ಪೊಲೀಸ್ ಸೇರಿದ ದಿನವೇ 'ಸಿಐಡಿ' ಎಂದು ಹೆಸರಿಟ್ಟವರು ಅವರು. ಇವತ್ತು ಆ ತಮಾಷೆಗೂ ಮನಸ್ಸಿಲ್ಲವೇನೋ ಎಂದು ಚಿಕ್ಕಮ್ಮನಿಗೆ ಪಿಚ್ಚೆನಿಸಿತು. ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳುತ್ತಿದ್ದ ಕಂಚಿನ ಕಂಠ ಬೊಚ್ಚುಬಾಯಲ್ಲಿ ತೊದಲುತ್ತಿತ್ತು.

ಕಣ್ಣು ಕಳೆದುಕೊಂಡ ಅಕ್ಕ ಕಿಟಕಿಯ ಬಳಿ ಉಣ್ಣೆ ಹೆಣೆಯುತ್ತ ಕೂತಿದ್ದಳು. ಮಡಿಲಿನ ಉಂಡೆಯೊಂದು ಜಾರಿ ನೆಲಕ್ಕೆ ಬಿತ್ತು — ಟಕ್. ಚಿಕ್ಕಮ್ಮ ಅದನ್ನು ಎತ್ತಿಕೊಟ್ಟು ವಿಚಾರಣೆಗೆ ಕೂತರು.

"ಕೊನೇ ಸಲ ನೋಡಿದ್ಯಾರು?"

"ನಾನೇ ಅಮ್ಮಾ," ಎಂದಳು ಆಯಾ. "ನಿನ್ನೆ ಊಟ ಆದ್ಮೇಲೆ ತೊಳೆದು ಲೋಟಕ್ಕೆ ಹಾಕ್ದೆ. ಈಗೀಗ ಅವರು ತುತ್ತು ಮುಗಿದ ತಕ್ಷಣ ತೆಗೆದುಬಿಡ್ತಾರೆ. ಒಸಡೆಲ್ಲ ಉಜ್ಜಿ ಹುಣ್ಣಾಗಿದೆ."

"ಹೌದಾ ಭಾವ?"

"ಒಂಚೂರು ಅಲ್ಲಾಡ್ತಿತ್ತು. ಬಿಡು, ಹೋಗಿದ್ದು ಹೋಯ್ತು. ಆಕೆಯನ್ನ ಬೈಬೇಡಿ."

"ಮತ್ತೆ ಹೊಸದು ಮಾಡಿಸ್ಕೊಳ್ಳಬಾರದಾ?"

"ಈ ಮುದುಕನಿಗೆ ಯಾಕಮ್ಮ ಬೇರೆ ಹಲ್ಲು?"

ಹಲ್ಲು ಕಳೆದುಕೊಂಡವರಿಗೆ ಇಷ್ಟು ನಿರಾಳವೇ? ಕಳ್ಳರು ಇವರೇ ಇರಬಹುದೇ? ಚಿಕ್ಕಮ್ಮನ ಅನುಮಾನ ಭಾವನ ಸುತ್ತಲೇ ಗಿರಕಿ ಹೊಡೆಯಿತು.

ಆಯಾ ಕಾಫಿ ತಂದಳು. "ಸಕ್ಕರೆ ಸಾಕಾ?"

ಭಾವ ಒಂದು ಗಳಿಗೆ ತಡೆದರು. "ಬೇಡ, ಇನ್ನು ಹಾಕ್ಬೇಡ." ಕಪ್ಪು ಎತ್ತಿದಾಗ ಕೈಗಡಿಯಾರ ಮೊಣಕೈಯತ್ತ ಜಾರಿತು.

ಚಿಕ್ಕಮ್ಮ ತಮ್ಮ ಕಪ್ಪನ್ನು ಕೆಳಗಿಟ್ಟರು. ಆ ತಡೆಯೇ ಅವರಿಗೆ ಸುಳಿವು ಕೊಟ್ಟಿತ್ತು. ಮನೆಯ ಕಾರುಬಾರೆಲ್ಲ ಹೆಂಡತಿಯದೇ ಎಂಬ ಕುಚೋದ್ಯಕ್ಕೆ ಭಾವ ಮೊದಲಿನಿಂದಲೂ ಅವಳನ್ನು 'ಸಾಹೇಬ್ರೇ' ಎಂದೇ ಕರೆಯುತ್ತಿದ್ದರು.

"ಅಕ್ಕ, ಭಾವ ನಿನ್ನನ್ನ 'ಸಾಹೇಬ್ರೇ' ಅಂದು ಎಷ್ಟು ಕಾಲ ಆಯ್ತು?"

ಹೆಣಿಗೆಯ ಕಡ್ಡಿಗಳು ನಿಂತವು. "ತಿಂಗಳುಗಳೇ ಆಯ್ತು ಕಣೆ. ಕಣ್ಣಿಲ್ಲದವಳು ಎಂಥಾ ಸಾಹೇಬಳು ಅಂತ ಬಿಟ್ಟಿರಬೇಕು."

"ಆ ಉಂಡೆ ಇಲ್ಲಿ ಕೊಡು."

"ಯಾಕೆ?"

"ಉಣ್ಣೆ ನೆಲಕ್ಕೆ ಬಿದ್ರೆ ಸದ್ದಾಗಲ್ಲ. ಇದು ಟಕ್ ಅಂತು."

ಅಕ್ಕ ಕೊಡಲಿಲ್ಲ, ತಡೆಯಲೂ ಇಲ್ಲ. ಚಿಕ್ಕಮ್ಮ ದಾರ ಬಿಚ್ಚುತ್ತ ಹೋದರು. ಒಳಗೆ ಹಲ್ಲಿನ ಸೆಟ್ಟಿತ್ತು.

"ಅಮ್ಮ — ನೀನಾ?" ಎಂದ ಮಗ.

"ಹೌದು ಕಣೋ. ಹಲ್ಲೆಲ್ಲ ಕೀಳಿಸಿ ಸೆಟ್ಟು ಬರೋವರೆಗೂ ಬೊಚ್ಚುಬಾಯಲ್ಲೇ 'ಹಾಹೇಬ್ರೇ' ಅಂತಿದ್ರು. ಎಷ್ಟು ನಗ್ತಿದ್ದೆ ನಾನು! ಈ ಸೆಟ್ಟು ಟಿಕ್ ಟಿಕ್ ಅನ್ನೋಕೆ ಶುರುವಾಯ್ತು, ನನ್ನ ಹೆಸರು ನಿಂತುಹೋಯ್ತು. ಇದಿಲ್ದಿದ್ರೆ ಮತ್ತೆ ಕರೀತಾರೇನೋ ಅಂತ..." ಅವಳು ಆಯಾ ಇದ್ದ ದಿಕ್ಕಿಗೆ ತಿರುಗಿದಳು. "ನಿನ್ನ ತಲೆಗೆ ಬರುತ್ತೆ ಅಂದ್ಕೊಂಡಿರಲಿಲ್ಲಮ್ಮ. ಆಮೇಲೆ ಬಾಯಿಬಿಡೋಕೆ ನಾಚಿಕೆ ಆಯ್ತು."

ಮಗ ತಲೆ ತಗ್ಗಿಸಿದ. "ತಪ್ಪಾಯ್ತು, ನಾಳೆ ಬನ್ನಿ," ಎಂದು ಆಯಾಳಿಗೆ ಹೇಳಿದ.

"ಭಾವನಿಗೆ ನಿನ್ನ ಮೇಲೆ ಬೇಜಾರಲ್ಲ ಅಕ್ಕ," ಎಂದರು ಚಿಕ್ಕಮ್ಮ. "ನಾನು ಬಂದಾಗಿನಿಂದ ಅವರ ಬಾಯಲ್ಲಿ ಒಂದೇ ಒಂದು 'ಸ' ಬಂದಿಲ್ಲ. ನನ್ನನ್ನ ಸಿಐಡಿ ಅನ್ನಲಿಲ್ಲ. 'ಸಾಕು' ಅನ್ನೋ ಕಡೆ 'ಬೇಡ'. 'ಹೊಸ ಹಲ್ಲು' ಅನ್ನೋ ಕಡೆ 'ಬೇರೆ ಹಲ್ಲು'. ಸೆಟ್ಟು ಹೋಗಿದ್ದು ನಿನ್ನೆ — ಒಂದಕ್ಷರಾನ ಇಷ್ಟು ನಾಜೂಕಾಗಿ ತಪ್ಪಿಸೋದು ಒಂದೇ ದಿನಕ್ಕೆ ಬರುತ್ತಾ? ಸಡಿಲವಾದ ಸೆಟ್ಟಲ್ಲಿ 'ಸ' ಅಂದ್ರೆ ಸಿಳ್ಳೆ ಬರ್ತಿತ್ತು. ಮೈಕಲ್ಲಿ ಮಾತಾಡಿದವರಿಗೆ ಅವಮಾನ ಆಗಲ್ವಾ? ಅದಕ್ಕೇ ನಿನ್ನ ಹೆಸರನ್ನೇ ಬಿಟ್ರು."

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲೆಂದೇ ಚಿಕ್ಕಮ್ಮ ಬಯಸಿದರು ಕೂಡ. ಆದರೆ ಆ ಗಡಿಯಾರ ಅವರ ಕಣ್ಣಿಗೆ ಬಿದ್ದಿತ್ತು.

"ವಯಸ್ಸಾದ ಹಾಗೆ ದವಡೆ ಸವೆಯುತ್ತೆ, ಸೆಟ್ಟು ಸಡಿಲ ಆಗುತ್ತೆ, ನಿಜ. ಆದ್ರೆ ಕೆಲವೇ ತಿಂಗಳಲ್ಲಿ ಇಷ್ಟೊಂದಾ? ಗಡಿಯಾರವೂ ನಿಲ್ತಿಲ್ಲ ಕೈಯಲ್ಲಿ." ಅವರ ದನಿ ಇಳಿಯಿತು. "ಡಾಕ್ಟರ್ ಏನಂದ್ರು ಭಾವ?"

ಭಾವ ಕಪ್ಪಿನೊಳಗೆ ನೋಡುತ್ತ ಕೂತರು. ಮಗ ಅಪ್ಪನನ್ನು ಈಗಷ್ಟೇ ಕಂಡವನಂತೆ ದಿಟ್ಟಿಸಿದ.

ಅಕ್ಕ ಎದ್ದಳು. "ಗಡ್ಡ ಚುಚ್ಚುತ್ತೆ, ಮುಟ್ಬೇಡ ಅಂತಿದ್ರಲ್ಲ," ಎನ್ನುತ್ತ ತಡಕಾಡಿಕೊಂಡು ಬಂದು ಗಂಡನ ಮುಖದ ಮೇಲೆ ಎರಡೂ ಕೈಯಿಟ್ಟಳು. ಗಡ್ಡ ನುಣ್ಣಗೆ ಹೆರೆದಿತ್ತು. ಕೆನ್ನೆಯಿದ್ದಲ್ಲಿ ಗುಳಿಯಿತ್ತು. ಅವಳ ಬೆರಳುಗಳು ಆ ಗುಳಿಯಲ್ಲೇ ನಿಂತುಬಿಟ್ಟವು.

"ನನಗೆ ಕಾಣಲ್ಲ ಅಂತ ಮುಚ್ಚಿಟ್ರಾ?"

ಭಾವ ಆ ಕೈಗಳ ಮೇಲೆ ತಮ್ಮ ಕೈಯಿಟ್ಟರು. "ಎಲ್ಲ ಹೇಳ್ತೀನಿ. ಕೂತ್ಕೊಳ್ಳಿ, ಹಾಹೇಬ್ರೇ."

ಅಕ್ಕ ಈ ಸಲ ನಗಲಿಲ್ಲ.