ಜಾಹೀರಾತು ಮುಗಿಯುವಷ್ಟರಲ್ಲಿ

"ಮೆಲ್ಲಗೆ ಚುಚ್ಚಿ! ನಾನು ಮನುಷ್ಯ, ದಿಂಬಲ್ಲ!"

ಡಯಾಲಿಸಿಸ್ ವಾರ್ಡಿಗೆ ಮೊದಲ ದಿನ ಬಂದ ಡ್ರಾಯಿಂಗ್ ಮೇಷ್ಟ್ರು ಹೀಗೆ ಕೂಗಿದಾಗ ನರ್ಸಿಗೆ ಮೈ ಉರಿದುಹೋಯಿತು.

"ಕೈ ಅಲ್ಲಾಡಿಸಿದ್ರೆ ಇನ್ನೊಂದು ಸಲ ಚುಚ್ಬೇಕಾಗುತ್ತೆ. ಆಮೇಲೆ ನನ್ನ ಬೈಬೇಡಿ!"

ಅವನ ಕಣ್ಣಂಚಿನಲ್ಲಿ ನೀರಿತ್ತು. ಪಾಪ... ಹೆದರಿದ್ದಾನೆ! ಅವಳ ಕೋಪ ಅಲ್ಲೇ ಇಳಿಯಿತು.

ರಕ್ತ ಯಂತ್ರದೊಳಗೆ ಸುತ್ತಿ ಬರುವ ತನಕ ಹೊತ್ತು ಕಳೆಯಬೇಕಲ್ಲ? ಅವನು ಫೋನಿಗೆ ಪುಕ್ಕಟೆ ಹಾಡಿನ ಆ್ಯಪ್ ಹಾಕಿಕೊಂಡ. ನಡುನಡುವೆ ಜಾಹೀರಾತು. ಅದು ಬಂದಾಗಲೆಲ್ಲ ಇಯರ್‌ಫೋನ್ ಕಿತ್ತು ಅವಳನ್ನು ಮಾತಿಗೆಳೆಯುತ್ತಿದ್ದ.

"ಸಿಸ್ಟರ್, ಊಟ ಆಯ್ತಾ? ಬೇಗ ಹೇಳಿ, ಸೋಪಿನ ಜಾಹೀರಾತು ಮುಗಿಯೋದ್ರೊಳಗೆ!"

"ನಿಮಗೆ ಬೇರೆ ಕೆಲ್ಸ ಇಲ್ವಾ ಮೇಷ್ಟ್ರೇ?"

"ಕೈ ಕಟ್ಟಿಹಾಕಿ ಮಲಗಿಸಿದೀರಿ. ಇನ್ನೇನು ಕೆಲ್ಸ?"

ಬೈಯುತ್ತಲೇ ಅವಳು ಅವನ ಮಂಚದ ಬಳಿ ಸುಳಿಯತೊಡಗಿದಳು. ಆನೆಗೆ ಐದು ಕಾಲು ಬರೆದ ಹುಡುಗಿಯ ಕತೆ ಅವನು ಹೇಳಿದ. ಮುರಿದುಬಿದ್ದ ತನ್ನ ಮದುವೆಯ ಮಾತುಕತೆಯನ್ನು ಅವಳು ಮೂರು ಜಾಹೀರಾತುಗಳಲ್ಲಿ ಹೇಳಿ ಮುಗಿಸಿದಳು.

ಅವನಿಗೆ ಅಕ್ಕ ಕಿಡ್ನಿ ಕೊಡುವುದೆಂದಾಗಿತ್ತು. ಪರೀಕ್ಷೆಯ ವರದಿಯೊಂದು ಬರಬೇಕಿತ್ತು, ಅಷ್ಟೇ.

ಒಂದು ದಿನ ಅವನು ಇಯರ್‌ಫೋನ್ ತೆಗೆಯಲೇ ಇಲ್ಲ. ಕಾದು ಕಾದು ಅವಳೇ ಕೇಳಿದಳು.

"ಇವತ್ತು ಜಾಹೀರಾತು ಬರ್ಲಿಲ್ವಾ?"

"ದುಡ್ಡು ಕಟ್ಟಿದೆ. ಇನ್ಮೇಲೆ ಬರಲ್ಲ."

ಗೋಡೆಯ ಕಡೆ ತಿರುಗಿಕೊಂಡ. 'ಹಾಡಿಲ್ಲದ ಹೊತ್ತಿಗೆ ನಾನು ಬೇಕಾಗಿದ್ದೆ, ಅಷ್ಟೇನಾ...?' ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮುಂದಿನ ವಾರವೆಲ್ಲ ಸೂಜಿ ಚುಚ್ಚಿದಳು, ಮಾತಾಡಲಿಲ್ಲ. ಕೊನೆಗೆ ಕಾರಿಡಾರಿನಲ್ಲಿ ಅವನ ಅಕ್ಕ ಅವಳ ಕೈ ಹಿಡಿದುಕೊಂಡು ಬಿಕ್ಕಿದಳು.

"ನನ್ನ ಕಿಡ್ನಿ ಅವನಿಗೆ ಹೊಂದಲ್ವಂತೆ ಕಣಮ್ಮ. ಕೊಡೋರು ಬೇರೆ ಯಾರೂ ಇಲ್ಲ. 'ಆ ಹುಡುಗಿ ಹತ್ರ ಮಾತು ನಿಲ್ಲಿಸ್ತೀನಿ ಅಕ್ಕ, ಆಸೆ ಹುಟ್ಟಿಸಿ ಸತ್ತುಹೋದ್ರೆ ಪಾಪ ಸುತ್ಕೊಳ್ಳುತ್ತೆ' ಅಂತಾನೆ..."

ಅವಳು ನೆಟ್ಟಗೆ ಒಳಗೆ ಹೋಗಿ ಅವನ ಕಿವಿಯಿಂದ ಇಯರ್‌ಫೋನ್ ಕಿತ್ತುಕೊಂಡಳು. ಅದರೊಳಗೆ ಹಾಡಿರಲಿಲ್ಲ. ಯಾರೋ ಫ್ರಿಜ್ ಮಾರುತ್ತಿದ್ದರು!

"ದುಡ್ಡು ಕಟ್ಟಿದೀನಿ ಅಂದ್ರಿ?"

"ಕಟ್ಟೋಕೆ ಮನಸ್ಸು ಬರ್ಲಿಲ್ಲ." ಅವನು ಅವಳ ಕಡೆ ತಿರುಗಿದ. "ಜಾಹೀರಾತು ಬಂದಾಗಲೆಲ್ಲ ಕಣ್ಣು ಮುಚ್ಕೊಂಡಿರ್ತಿದ್ದೆ. ಸಿಸ್ಟರ್, ನಾನು ಎಷ್ಟು ದಿನ ಇರ್ತೀನೋ..."

"ನಾನು ಕೇಳಿದ್ನಾ? ವರ್ಷಗಟ್ಟಲೆ ಇದೇ ವಾರ್ಡಲ್ಲಿದೀನಿ, ನನಗೆ ಗೊತ್ತಿಲ್ವಾ? ಎಲ್ಲ ಗೊತ್ತಿದ್ದೇ ಇಷ್ಟಪಟ್ಟೆ! ಇನ್ನೊಂದ್ಸಲ ಸಿಸ್ಟರ್ ಅಂದ್ರೆ ದಪ್ಪ ಸೂಜಿ ಹಾಕ್ತೀನಿ!"

ಅವನು ನಕ್ಕ, ನಗುತ್ತಲೇ ಅತ್ತ. ಸೂಜಿಯಿಲ್ಲದ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು. ಪಕ್ಕದಲ್ಲಿ ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

"ಜಾಹೀರಾತು ಮುಗೀತು, ಹಾಡು ಶುರುವಾಗಿದೆ," ಎಂದಳು ಅವಳು. "ಕೇಳಲ್ವಾ?"

"ಬೇಡ. ಊಟ ಆಯ್ತಾ ಹೇಳು."

"ಇಲ್ಲ... ನೀವು ಕೇಳೋದು ಬಿಟ್ಟ ಮೇಲೆ ಸೇರ್ತಾನೇ ಇಲ್ಲ."