ಮನೆಯಲ್ಲಿ ಯಾವ ಭಾಷೆ?

ಇದು ನಡೆದದ್ದೇ, ಆಣೆಗೂ ನಿಜ. ಒಗ್ಗರಣೆಯಲ್ಲಿ ನಾಲ್ಕು ಸಾಸಿವೆ ಹೆಚ್ಚಿಗೆ ಸಿಡಿದಿರಬಹುದು, ಅಷ್ಟೆ.

ದೊಡ್ಡನೆಕ್ಕುಂದಿಯ ಅಂಜನಮ್ಮನ ವಠಾರದಲ್ಲಿ ಬೆಳಗಾದರೆ ನಲ್ಲಿಯ ಮುಂದೆ ತೆಲುಗು, ತಮಿಳು, ಉರ್ದು, ಒಡಿಯಾ ಎಲ್ಲವೂ ಕೊಡ ಹಿಡಿದು ಕ್ಯೂ ನಿಲ್ಲುತ್ತಿದ್ದವು. ಮೂಲೆಮನೆಯ ವೇಣಿ ಎಲ್ಲರೊಂದಿಗೂ ಅವರವರ ಮಾತಿನಲ್ಲೇ ಜಗಳವಾಡಬಲ್ಲಳು. ಇಂಗ್ಲಿಷ್ ಎಂದರೆ ಮಾತ್ರ ಬಿ.ಕಾಂ. ಓದಿದ ನಾಲಿಗೆ ಒಣಗುತ್ತಿತ್ತು. ವೈಟ್‌ಫೀಲ್ಡಿನ ಕಂಪನಿಯೊಂದರ ಫ್ರಂಟ್ ಆಫೀಸ್ ಕೆಲಸಕ್ಕೆ ಫೋನ್ ಇಂಟರ್‌ವ್ಯೂ ಯಾವ ಗಳಿಗೆಯಲ್ಲಾದರೂ ಬರಬಹುದು. ಅದು ಕೈತಪ್ಪಿದರೆ ಮದನಪಲ್ಲಿಗೆ ವಾಪಸ್. ಅಲ್ಲಿ ಸೋದರಮಾವನ ಮಗ ತಾಳಿ ಮಾಡಿಸಿಟ್ಟು ಕೂತಿದ್ದ.

ಅಂಜನಮ್ಮನ ಮಗ ಲಿಖಿತ್‌ಗೆ ಇದೆಲ್ಲ ಗೊತ್ತು. ಯಾರ ದನಿಯನ್ನಾದರೂ ಕದಿಯಬಲ್ಲ ಅವನು ಗೆಳೆಯರ ಫೋನುಗಳಿಂದ ಕರೆ ಮಾಡಿ, ಗಂಟಲು ದಪ್ಪ ಮಾಡಿಕೊಂಡು, "ಮಿಸ್ ವೇಣಿ? ಕಾಲಿಂಗ್ ಫ್ರಂ ಎಚ್‌ಆರ್" ಎನ್ನುತ್ತಿದ್ದ. ಮೊದಮೊದಲು ಅವಳು ನಂಬಿ ನಡುಗಿದಳು. ಆಮೇಲೆ ಬೈದಳು. ಬೈಯುತ್ತ ಬೈಯುತ್ತ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಳು.

"ಭಯ ಹೋಯ್ತಾ?" ಎಂದು ಅವನು ನಲ್ಲಿಯ ಹತ್ತಿರ ಕಣ್ಣು ಮಿಟುಕಿಸಿ ಕೇಳಿದ್ದ.

"ನಿನ್ ಹತ್ರ ಏನ್ ಭಯ, ಹೋಗೋ," ಎಂದು ಅವಳು ಕಣ್ಣು ತಪ್ಪಿಸಿದ್ದಳು.

ಶನಿವಾರ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು. "ಮಿಸ್ ವೇಣಿ? ಕಾಲಿಂಗ್ ಫ್ರಂ ಎಚ್‌ಆರ್."

"ಟೆಲ್ ಸಾರ್. ಟುಡೇ ಯುವರ್ ವಾಯ್ಸ್ ಈಸ್ ವೆರಿ ನೈಸ್."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಆ ದನಿ ಇಂಗ್ಲಿಷಿನಲ್ಲಿ ಕೇಳಿತು.

ವೇಣಿ ಟವೆಲ್ ಕೊಡವುತ್ತ, ತಡವರಿಸದೆ ಇಂಗ್ಲಿಷಿನಲ್ಲೇ ಹೇಳಿದಳು: ಅಮ್ಮನ ಜೊತೆ ತೆಲುಗು, ಪಕ್ಕದಮನೆಗೆ ತಮಿಳು, ಮಹಡಿಯವರಿಗೆ ಉರ್ದು. "ಕನ್ನಡ, ಓನ್ಲಿ ಫಾರ್ ಹೌಸ್ ಓನರ್ಸ್ ಸನ್. ಬಿಗ್ ಮಂಕಿ, ಸಾರ್. ಹೀ ಡಸಂಟ್ ಆಸ್ಕ್. ಇಫ್ ಹೀ ಆಸ್ಕ್ಸ್, ಐ ವಿಲ್ ಸೇ ಯೆಸ್."

ಹೇಳಿ ತುಟಿ ಕಚ್ಚಿಕೊಂಡಳು. ಇಷ್ಟು ದಿನ ಬಚ್ಚಿಟ್ಟದ್ದು ತಮಾಷೆಯ ಮರೆಯಲ್ಲಿ ಜಾರಿಯೇ ಹೋಗಿತ್ತು.

ಹಿಂದೆ ಸದ್ದಾಯಿತು. ತಿರುಗಿದರೆ ಲಿಖಿತ್. ಎರಡು ಕೈಯಲ್ಲೂ ಸಂಡಿಗೆ ಹಿಟ್ಟಿನ ಪಾತ್ರೆ. ಫೋನು ಎಲ್ಲೂ ಇಲ್ಲ. ಕಿವಿ ಮಾತ್ರ ಕೆಂಪು.

ವೇಣಿಯ ಕೈಯಿಂದ ಟವೆಲ್ ಬಿತ್ತು. ಫೋನಿನಲ್ಲಿದ್ದ ದನಿ ಈಗ ನಗು ತಡೆದುಕೊಂಡು ಕನ್ನಡಕ್ಕಿಳಿಯಿತು. "ಇಂಗ್ಲಿಷ್ ಚೆನ್ನಾಗಿದೆ ಮೇಡಂ, ಸೋಮವಾರ ಬಂದು ಜಾಯಿನ್ ಆಗಿ. ಆ ಕೋತಿಗೂ ಬೇಗ ಕೇಳೋಕ್ ಹೇಳಿ."

"ಯಾರದು?" ಲಿಖಿತ್ ಪಿಸುಗುಟ್ಟಿದ.

"ನಿಜವಾದ ಎಚ್‌ಆರು. ಎಲ್ಲಾ ನಿನ್ನಿಂದಾನೇ." ಅವಳು ಮುಖ ಮುಚ್ಚಿಕೊಂಡಳು.

ಅವನು ಗಂಟಲು ದಪ್ಪ ಮಾಡಿಕೊಂಡು, "ಮಿಸ್ ವೇಣಿ..." ಎಂದ.

"ಆ ದನಿ ಬೇಡ. ನಿನ್ ದನೀಲಿ ಕೇಳು."

"ನನ್ನ... ಮದ್ವೆ ಆಗ್ತೀಯಾ?" ಅವನ ಸ್ವಂತ ದನಿ ಕೀರಲಾಗಿ ಹೊರಬಿತ್ತು.

"ಇಂಗ್ಲಿಷಲ್ಲಿ ಆಗ್ಲೇ ಹೇಳ್ದೆನಲ್ಲೋ."

ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ನಿಂತಿದ್ದ ಅಂಜನಮ್ಮ ಕೆಮ್ಮಿದಳು. "ಔಳು ಊಂ ಅಂದಾಯ್ತಲ್ಲ, ಇನ್ನಾದ್ರೂ ಆ ಇಟ್ಟು ಕೆಳಗಿಡು ಕಣ್ಲಾ."

ಲಿಖಿತ್ ನಕ್ಕ, ಅಂಜನಮ್ಮ ನಕ್ಕಳು, ಕೆಳಗೆ ನಲ್ಲಿಯ ಸಾಲು ತಲೆಯೆತ್ತಿ ನಕ್ಕಿತು. ಅಷ್ಟೂ ನಗುವನ್ನು ಮೀರಿ ವಠಾರಕ್ಕೆಲ್ಲ ಕೇಳಿಸಿದ್ದು ವೇಣಿಯದು.